ಕೂದಲೆಳೆಯ ಲೆಕ್ಕ, ಅಣುಗಳ ದಫ್ತರು

ಕೊಪ್ಪಳಕ್ಕೆ ಅಂಟಿಕೊಂಡೇ ಇರುವ ಭಾಗ್ಯನಗರ ಎರಡು ಕಸುಬುಗಳಿಗೆ ಹೆಸರಾದ ಊರು. ಒಂದು ನೇಕಾರಿಕೆ, ಇನ್ನೊಂದು ಕೂದಲು ವ್ಯಾಪಾರ. ಹಳ್ಳಿ ಹಳ್ಳಿ ತಿರುಗಿ ಕೂಡಿಸಿದ ಬಾಚಣಿಗೆ ಕೂದಲು, ದೇವಸ್ಥಾನಗಳಲ್ಲಿ ಭಕ್ತರು ಕೊಟ್ಟ ಮುಡಿ ಇಲ್ಲಿಗೆ ಬರುತ್ತದೆ. ಸಿಕ್ಕು ಬಿಡಿಸಿ, ತೊಳೆದು, ಉದ್ದದ ಪ್ರಕಾರ ಬೇರೆ ಮಾಡಿ, ಕಟ್ಟು ಕಟ್ಟಿದ ಮೇಲೆ ವಿಗ್ ಆಗಲು ಹೊರದೇಶಗಳಿಗೆ ಹೋಗುತ್ತದೆ. ಸಿಕ್ಕು ಬಿಡಿಸುವ ಕೈಗಳಲ್ಲಿ ಹೆಚ್ಚಿನವು ಹೆಣ್ಣುಮಕ್ಕಳವು.

ವ್ಯಾಪಾರದಲ್ಲಿ ಕೂದಲಿಗೆ ಮೂರು ಅಳತೆ: ಉದ್ದ, ಬಣ್ಣ, ತೂಕ. ಸುಮಾರು ನೂರು ವರ್ಷಗಳ ಹಿಂದೆ ಇಂಗ್ಲೆಂಡಿನ ಒಂದು ಜವಳಿ ಪಟ್ಟಣದಲ್ಲಿ ಇದೇ ಕೂದಲನ್ನು ಎಕ್ಸ್-ರೇ ಮುಂದೆ ಹಿಡಿದವರು ನಾಲ್ಕನೆಯ ಅಳತೆಯೊಂದನ್ನು ಶುರು ಮಾಡಿದರು. ಆ ಅಳತೆಯ ದಾರಿ ಮದ್ರಾಸು, ಬೆಂಗಳೂರುಗಳನ್ನು ಹಾದು, ಇಂದು ಲಕ್ಷಾಂತರ ಅಣುಗಳ ರಚನೆಯನ್ನು ಕಾಪಿಡುವ ಡೇಟಾಬೇಸ್‌ಗಳನ್ನು ಮುಟ್ಟುತ್ತದೆ. ನಾವು ಇಲ್ಲಿ ಹೇಳಹೊರಟಿರುವುದು ಆ ದಾರಿಯ ಕಥೆ. ಜೊತೆಗೆ ಒಂದು ಪ್ರಶ್ನೆಯೂ ಇದೆ: ಇಂಥ ದಫ್ತರಿಗೆ ಒಮ್ಮೆ ಸೇರಿದ ತಪ್ಪನ್ನು ಯಾರು, ಹೇಗೆ ತಿದ್ದುತ್ತಾರೆ?

ಸೀರೆಯ ಅಂಚು ಮತ್ತು ಉಪ್ಪಿನ ಹರಳು

ಸ್ಫಟಿಕ ಎಂದರೇನು ಎಂಬುದನ್ನು ಮಗ್ಗದ ಭಾಷೆಯಲ್ಲೇ ಹೇಳಬಹುದು. ಸೀರೆಯ ಅಂಚಿನಲ್ಲಿ ಒಂದೇ ಚಿತ್ತಾರ ಮತ್ತೆ ಮತ್ತೆ ಬರುತ್ತದೆ. ಒಂದು ಚಿತ್ತಾರ ಹೇಗಿದೆ, ಎಷ್ಟು ಅಂತರಕ್ಕೆ ಮರಳಿ ಬರುತ್ತದೆ ಎಂಬುದು ಗೊತ್ತಾದರೆ ಇಡೀ ಅಂಚು ಗೊತ್ತಾದಂತೆ. ಉಪ್ಪಿನ ಹರಳಿನಲ್ಲೂ ಹೀಗೆಯೇ. ಅಲ್ಲಿ ನೂಲಿನ ಬದಲು ಪರಮಾಣುಗಳಿವೆ, ಚಿತ್ತಾರ ಮೂರೂ ದಿಕ್ಕಿಗೆ ಹಬ್ಬಿದೆ. 1912ರಲ್ಲಿ ಜರ್ಮನಿಯ ಮ್ಯಾಕ್ಸ್ ಫಾನ್ ಲಾವ ಮತ್ತು ಜೊತೆಗಾರರು ಹರಳಿನ ಮೂಲಕ ಎಕ್ಸ್-ರೇ ಹಾಯಿಸಿದಾಗ ಫೋಟೋ ತಟ್ಟೆಯ ಮೇಲೆ ಚುಕ್ಕಿಗಳು ಮೂಡಿದವು. ಮರುವರ್ಷ ಇಂಗ್ಲೆಂಡಿನಲ್ಲಿ ಲಾರೆನ್ಸ್ ಬ್ರಾಗ್ ಇಂಥ ಚುಕ್ಕಿಗಳಿಂದ ಉಪ್ಪಿನ ರಚನೆಯನ್ನು ಲೆಕ್ಕ ಹಾಕಿ ತೋರಿಸಿದರು.

ಇಲ್ಲಿ ಒಂದು ವಿಷಯ ನೆನಪಿಟ್ಟುಕೊಳ್ಳಬೇಕು. ತಟ್ಟೆಯ ಮೇಲೆ ಬೀಳುವುದು ಅಣುವಿನ ಫೋಟೋ ಅಲ್ಲ, ಬರೀ ಚುಕ್ಕಿಗಳು. ಚುಕ್ಕಿಯಿಂದ ರಚನೆಗೆ ಹೋಗಲು ಲೆಕ್ಕ ಬೇಕು. ಲೆಕ್ಕ ಇದ್ದಲ್ಲಿ ತಪ್ಪಿಗೂ ಜಾಗವಿದೆ.

ಒಂದು ಕೂದಲು, ಎರಡು ಸಂಖ್ಯೆ

ವಿಲಿಯಂ ಆಸ್ಟ್‌ಬರಿ 1928ರಲ್ಲಿ ಲೀಡ್ಸ್ ವಿಶ್ವವಿದ್ಯಾಲಯಕ್ಕೆ ಬಂದರು. ಲೀಡ್ಸ್ ಉಣ್ಣೆಯ ಊರು. ಅಲ್ಲಿಯ ಗಿರಣಿಗಳಿಗೆ ಉಣ್ಣೆ ಯಾಕೆ ಹಿಗ್ಗುತ್ತದೆ, ಯಾಕೆ ಕುಗ್ಗುತ್ತದೆ ಎಂಬುದು ತಿಳಿಯಬೇಕಿತ್ತು. ಉಣ್ಣೆ, ಕೂದಲು, ಉಗುರು, ಕೊಂಬು ಎಲ್ಲದರಲ್ಲೂ ಇರುವುದು ಕೆರಾಟಿನ್ ಎಂಬ ಪ್ರೋಟೀನ್. ಕೂದಲನ್ನು ಆವಿಯಲ್ಲಿ ಒದ್ದೆ ಮಾಡಿ ಎಳೆದರೆ ಹೆಚ್ಚುಕಡಿಮೆ ಎರಡು ಪಟ್ಟು ಉದ್ದವಾಗುತ್ತದೆ, ಎಕ್ಸ್-ರೇ ಚಿತ್ರವೂ ಬದಲಾಗುತ್ತದೆ ಎಂದು ಆಸ್ಟ್‌ಬರಿ 1930ರ ದಶಕದ ಆರಂಭದಲ್ಲಿ ತೋರಿಸಿದರು. ಎಳೆಯದ ಕೂದಲಿನ ಚಿತ್ರಕ್ಕೆ ಆಲ್ಫಾ ಎಂದೂ ಎಳೆದದ್ದಕ್ಕೆ ಬೀಟಾ ಎಂದೂ ಹೆಸರಿಟ್ಟರು. ಎಳೆಯದ ಕೂದಲಿನಲ್ಲಿ ಉದ್ದಕ್ಕೂ 5.1 ಆಂಗ್‌ಸ್ಟ್ರಾಮ್‌ಗೊಮ್ಮೆ ಏನೋ ಮರಳಿ ಬರುತ್ತಿತ್ತು. ಆಂಗ್‌ಸ್ಟ್ರಾಮ್ ಅಂದರೆ ಒಂದು ಮೀಟರಿನ ಸಾವಿರ ಕೋಟಿಯಲ್ಲಿ ಒಂದು ಪಾಲು. ಒಂದು ಕೂದಲಿನ ದಪ್ಪವೇ ಐದರಿಂದ ಹತ್ತು ಲಕ್ಷ ಆಂಗ್‌ಸ್ಟ್ರಾಮ್.

ಆ 5.1 ಮುಂದಿನ ಇಪ್ಪತ್ತು ವರ್ಷ ಎಲ್ಲರನ್ನೂ ಕಾಡಿತು. 1951ರಲ್ಲಿ ಅಮೆರಿಕದ ಲೈನಸ್ ಪಾಲಿಂಗ್, ರಾಬರ್ಟ್ ಕೋರಿ ಮತ್ತು ಹರ್ಮನ್ ಬ್ರಾನ್ಸನ್ ಪ್ರೋಟೀನ್ ಸರಪಳಿ ಸುರುಳಿಯಾಗಿ ಸುತ್ತಿಕೊಳ್ಳುತ್ತದೆ ಎಂದರು. ಅದೇ ಆಲ್ಫಾ ಹೆಲಿಕ್ಸ್. ಆದರೆ ಅವರ ಸುರುಳಿಯ ಒಂದು ಸುತ್ತು 5.4 ಆಂಗ್‌ಸ್ಟ್ರಾಮ್, ಕೂದಲಿನಲ್ಲಿ ಕಂಡದ್ದು 5.1. ಎರಡರ ನಡುವಿನ ಅಂತರ 0.3.

ಕೇಂಬ್ರಿಡ್ಜಿನ ಮ್ಯಾಕ್ಸ್ ಪೆರುಟ್ಜ್ ಆ ಲೇಖನ ಓದಿದರು. ಪಾಲಿಂಗ್ ಹೇಳಿದಂಥ ಸುರುಳಿ ನಿಜವಾದರೆ 1.5 ಆಂಗ್‌ಸ್ಟ್ರಾಮ್‌ನಲ್ಲೂ ಒಂದು ಗುರುತು ಇರಲೇಬೇಕು, ಅದನ್ನು ಯಾರೂ ಕಂಡಿಲ್ಲವಲ್ಲ ಎಂದು ಅವರಿಗೆ ಹೊಳೆಯಿತು. ಲ್ಯಾಬಿಗೆ ಹೋಗಿ ಒಂದು ಕುದುರೆ ಕೂದಲನ್ನು ಹುಡುಕಿ ತೆಗೆದು, ಸರಿಯಾದ ಕೋನಕ್ಕೆ ವಾಲಿಸಿ ಎಕ್ಸ್-ರೇಗೆ ಹಿಡಿದರು. ಗುರುತು ಅಲ್ಲೇ ಇತ್ತು. ಆಸ್ಟ್‌ಬರಿ ಕೂದಲನ್ನು ನೇರಕ್ಕೆ ಹಿಡಿಯುತ್ತಿದ್ದರು, ತಟ್ಟೆಯೂ ಸಣ್ಣದಿತ್ತು, ಹಾಗಾಗಿ ಅದು ಕಣ್ಣು ತಪ್ಪಿಸಿತ್ತು. ಉಳಿದ 0.3ರ ಲೆಕ್ಕವನ್ನು ಫ್ರಾನ್ಸಿಸ್ ಕ್ರಿಕ್ ಬಿಡಿಸಿದರು. ಕೂದಲಿನಲ್ಲಿ ಸುರುಳಿಗಳು ಒಂಟಿಯಾಗಿಲ್ಲ, ಹೊಸೆದ ಹಗ್ಗದಂತೆ ಒಂದಕ್ಕೊಂದು ಸುತ್ತಿಕೊಂಡಿವೆ. ಹೊಸೆದಾಗ ಸುರುಳಿ ತುಸು ವಾಲುತ್ತದೆ, ಆ ವಾಲಿಕೆಯಲ್ಲಿ 5.4 ಎಂಬುದು 5.1 ಆಗಿ ಕಾಣುತ್ತದೆ.

ಅಳತೆಯೂ ಸರಿಯಿತ್ತು, ಸುರುಳಿಯೂ ಸರಿಯಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಮಾತ್ರ ಸತ್ಯ ಹೊರಬಂತು. ಡೇಟಾಬೇಸ್ ಎಂಬ ಯೋಚನೆಯ ಬೀಜ ಇಲ್ಲೇ ಇದೆ ಎಂದು ನಮಗೆ ಅನ್ನಿಸುತ್ತದೆ.

ಮದ್ರಾಸಿನಲ್ಲಿ ಕೈಯಿಂದ ಕೂಡಿಸಿದ ಕಡತ

ಇದೇ ಹೊತ್ತಿಗೆ ಮದ್ರಾಸು ವಿಶ್ವವಿದ್ಯಾಲಯದಲ್ಲಿ ಜಿ.ಎನ್. ರಾಮಚಂದ್ರನ್ ಇದ್ದರು. ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಅಂದರೆ ಐಐಎಸ್‌ಸಿಯಲ್ಲಿ, ಸಿ.ವಿ. ರಾಮನ್ ಅವರ ಶಿಷ್ಯರಾಗಿದ್ದವರು. ಮದ್ರಾಸಿಗೆ ಬಂದ ಬ್ರಿಟಿಷ್ ವಿಜ್ಞಾನಿ ಜೆ.ಡಿ. ಬರ್ನಾಲ್, ಚರ್ಮ ಮತ್ತು ಸ್ನಾಯುರಜ್ಜುಗಳಲ್ಲಿರುವ ಕೊಲಾಜನ್ ಪ್ರೋಟೀನಿನ ರಚನೆ ಇನ್ನೂ ಬಿಡಿಸದ ಒಗಟು ಎಂದು ಹೇಳಿದ್ದರು. ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ ಅದರ ಹಿಂದೆ ಬಿದ್ದರು. ಮೂರು ಎಳೆ ಸೇರಿ ಹೊಸೆದ ರಚನೆ ಅದು ಎಂದು 1954-55ರಲ್ಲಿ ಪ್ರಕಟಿಸಿದರು.

ಕ್ರಿಕ್ ಮತ್ತು ಅಲೆಕ್ಸಾಂಡರ್ ರಿಚ್ ಇದಕ್ಕೆ ಆಕ್ಷೇಪ ಎತ್ತಿದರು. ನಿಮ್ಮ ರಚನೆಯಲ್ಲಿ ಕೆಲವು ಪರಮಾಣುಗಳು ಒಂದಕ್ಕೊಂದು ಇರಬಾರದಷ್ಟು ಹತ್ತಿರ ಇವೆ ಎಂಬುದು ಅವರ ವಾದ. ಹಾಗಾದರೆ ಎಷ್ಟು ಹತ್ತಿರ ಇರಬಹುದು? ಅದಕ್ಕೆ ಎಲ್ಲೂ ಸಿದ್ಧ ಉತ್ತರ ಇರಲಿಲ್ಲ. ರಾಮಚಂದ್ರನ್ ತಂಡ ಅದುವರೆಗೆ ಪ್ರಕಟವಾಗಿದ್ದ ಸ್ಫಟಿಕ ರಚನೆಗಳನ್ನು ಪತ್ರಿಕೆಗಳಿಂದ ಒಂದೊಂದಾಗಿ ಹೆಕ್ಕಿ, ಪರಮಾಣುಗಳ ನಡುವಿನ ಕನಿಷ್ಠ ಅಂತರಗಳನ್ನು ಪಟ್ಟಿ ಮಾಡಿತು. ಆ ಪಟ್ಟಿಯ ಆಧಾರದ ಮೇಲೆ, ಪ್ರೋಟೀನ್ ಸರಪಳಿ ಯಾವ ಯಾವ ಕೋನಕ್ಕೆ ತಿರುಗಬಲ್ಲದು, ಯಾವ ಕೋನಕ್ಕೆ ತಿರುಗಲಾರದು ಎಂಬುದನ್ನು ಲೆಕ್ಕ ಹಾಕಿದರು. ರಾಮಚಂದ್ರನ್, ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್ 1963ರಲ್ಲಿ ಪ್ರಕಟಿಸಿದ ಆ ನಕ್ಷೆಯನ್ನು ಇಂದು ಜಗತ್ತು ರಾಮಚಂದ್ರನ್ ಪ್ಲಾಟ್ ಎಂದು ಕರೆಯುತ್ತದೆ.

ಅದೊಂದು ಚೌಕ. ಅದರೊಳಗೆ ಕೆಲವು ಜಾಗಕ್ಕೆ ಅನುಮತಿ ಇದೆ, ಉಳಿದದ್ದಕ್ಕೆ ಇಲ್ಲ. ನೀವು ಹೊಸದೊಂದು ಪ್ರೋಟೀನ್ ರಚನೆ ತಂದರೆ ಅದರ ಕೋನಗಳನ್ನು ಈ ಚೌಕದಲ್ಲಿ ಚುಕ್ಕಿಯಾಗಿ ಇಡುತ್ತಾರೆ. ಚುಕ್ಕಿಗಳು ಅನುಮತಿ ಇಲ್ಲದ ಜಾಗದಲ್ಲಿ ಹೆಚ್ಚಾಗಿ ಬಿದ್ದರೆ ಲೆಕ್ಕದಲ್ಲಿ ಎಲ್ಲೋ ಎಡವಟ್ಟಾಗಿದೆ ಎಂದರ್ಥ. ಒಂದು ಆಕ್ಷೇಪಕ್ಕೆ ಉತ್ತರ ಹುಡುಕುತ್ತ ಮಾಡಿದ ಪಟ್ಟಿ, ಮುಂದೆ ಎಲ್ಲರ ರಚನೆಯನ್ನೂ ಒರೆಗೆ ಹಚ್ಚುವ ಕಲ್ಲಾಯಿತು. 1970ರ ದಶಕದ ಆರಂಭದಲ್ಲಿ ರಾಮಚಂದ್ರನ್ ಐಐಎಸ್‌ಸಿಗೆ ಮರಳಿ ಅಲ್ಲಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ಘಟಕವನ್ನು ಕಟ್ಟಿದರು.

ದಫ್ತರು ತೆರೆದ ವರ್ಷಗಳು

ಬರ್ನಾಲ್ ಇನ್ನೊಬ್ಬರಿಗೂ ದಾರಿ ತೋರಿದ್ದರು. ಚದುರಿದ ಮಾಹಿತಿಯನ್ನು ಒಂದೆಡೆ ಕೂಡಿಸಿದರೆ ಬಿಡಿ ಪ್ರಯೋಗಗಳಲ್ಲಿ ಕಾಣದ ಜ್ಞಾನ ಹುಟ್ಟುತ್ತದೆ ಎಂಬುದು ಅವರ ನಂಬಿಕೆ. ಅದನ್ನು ಕೆಲಸಕ್ಕೆ ಇಳಿಸಿದವರು ಹಂಗೆರಿಯಲ್ಲಿ ಹುಟ್ಟಿ ಇಂಗ್ಲೆಂಡಿಗೆ ಬಂದ ಓಲ್ಗಾ ಕೆನ್ನಾರ್ಡ್. 1965ರಲ್ಲಿ ಅವರು ಕೇಂಬ್ರಿಡ್ಜಿನಲ್ಲಿ ಇಂಗಾಲ ಇರುವ ಸಣ್ಣ ಅಣುಗಳ ಸ್ಫಟಿಕ ರಚನೆಗಳನ್ನು ಕೂಡಿಸತೊಡಗಿದರು. ಅದೇ ಕೇಂಬ್ರಿಡ್ಜ್ ಸ್ಟ್ರಕ್ಚರಲ್ ಡೇಟಾಬೇಸ್, ಚಿಕ್ಕದಾಗಿ ಸಿಎಸ್‌ಡಿ. 2019ರ ಜೂನಿನಲ್ಲಿ ಅದು ಹತ್ತು ಲಕ್ಷ ರಚನೆಗಳನ್ನು ಮುಟ್ಟಿತು. ಪ್ರೋಟೀನ್‌ನಂಥ ದೊಡ್ಡ ಅಣುಗಳಿಗೆ 1971ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ಪ್ರೋಟೀನ್ ಡೇಟಾ ಬ್ಯಾಂಕ್ ಶುರುವಾಯಿತು. ಇದು ಪಿಡಿಬಿ. ಆರಂಭದಲ್ಲಿ ಅದರಲ್ಲಿದ್ದದ್ದು ಬರೀ 7 ರಚನೆ. 2023ರ ಆರಂಭಕ್ಕೆ 2 ಲಕ್ಷ ದಾಟಿತು.

ಬೆಂಗಳೂರು ಈ ಕಥೆಯೊಳಗೆ ಬರುವುದು ಒಂದು ಸಣ್ಣ ಡಿಎನ್‌ಎ ತುಣುಕಿನ ಮೂಲಕ. 1953ರ ವಾಟ್ಸನ್-ಕ್ರಿಕ್ ಮಾದರಿಗೆ ಆಧಾರವಾಗಿದ್ದದ್ದು ಡಿಎನ್‌ಎ ನಾರಿನ ಎಕ್ಸ್-ರೇ ಚಿತ್ರ, ಅದರಲ್ಲಿ ಬಿಡಿ ಪರಮಾಣು ಕಾಣುವುದಿಲ್ಲ. 1978ರಲ್ಲಿ ನೇಚರ್ ಪತ್ರಿಕೆಯಲ್ಲಿ ನಾಲ್ಕು ಅಕ್ಷರದ ಡಿಎನ್‌ಎ ತುಣುಕಿನ ಸ್ಫಟಿಕ ರಚನೆ ಪರಮಾಣು ಮಟ್ಟದಲ್ಲಿ ಪ್ರಕಟವಾಯಿತು. ಲೇಖಕರ ಸಾಲಿನಲ್ಲಿ ಮೊದಲ ಹೆಸರು ಐಐಎಸ್‌ಸಿಯ ಎಂ.ಎ. ವಿಶ್ವಾಮಿತ್ರ ಅವರದು. ಎರಡನೆಯದು ಓಲ್ಗಾ ಕೆನ್ನಾರ್ಡ್. ಅದೇ ಸಾಲಿನಲ್ಲಿ ಜಾರ್ಜ್ ಶೆಲ್ಡ್ರಿಕ್ ಕೂಡ ಇದ್ದಾರೆ. ಶೆಲ್ಡ್ರಿಕ್ ಬರೆದ ಶೆಲ್ಕ್ಸ್ ಎಂಬ ಸಾಫ್ಟ್‌ವೇರ್ ಜಗತ್ತಿನ ಸ್ಫಟಿಕ ಲ್ಯಾಬುಗಳಲ್ಲೆಲ್ಲ ಓಡುತ್ತದೆ. ಅದರ ಇತಿಹಾಸದ ಬಗ್ಗೆ ಅವರು 2008ರಲ್ಲಿ ಬರೆದ ಒಂದೇ ಲೇಖನವನ್ನು ಎಷ್ಟು ಜನ ಉಲ್ಲೇಖಿಸಿದರೆಂದರೆ, ಅದನ್ನು ಪ್ರಕಟಿಸಿದ ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರ್ ಸುಮಾರು 2 ಇದ್ದದ್ದು 49ರ ಮೇಲೇರಿತು. ಹರಳು ಕಟ್ಟುವವರು, ಲೆಕ್ಕದ ಸಾಫ್ಟ್‌ವೇರ್ ಬರೆಯುವವರು, ದಫ್ತರು ನೋಡಿಕೊಳ್ಳುವವರು ಆ ಒಂದೇ ಲೇಖನದಲ್ಲಿ ಜೊತೆಯಾಗಿದ್ದರು.

ನಮ್ಮ ಹೊಲದ ಶೇಂಗಾ

ಶೇಂಗಾ ನಮ್ಮ ಸೀಮೆಗೆ ಹೊಸದಲ್ಲ. ಅದರ ಬೀಜದಲ್ಲಿ ಲೆಕ್ಟಿನ್ ಎಂಬ ಪ್ರೋಟೀನ್ ಇದೆ. ಕೆಲವು ಬಗೆಯ ಕ್ಯಾನ್ಸರ್ ಜೀವಕೋಶಗಳ ಮೈಮೇಲೆ ತೆರೆದುಕೊಳ್ಳುವ ಟಿ-ಆಂಟಿಜೆನ್ ಎಂಬ ಸಕ್ಕರೆ ಗುರುತಿಗೆ ಇದು ಹೋಗಿ ಅಂಟಿಕೊಳ್ಳುತ್ತದೆ. ಹಾಗಾಗಿ ವೈದ್ಯ ಸಂಶೋಧಕರಿಗೆ ಇದರ ರಚನೆ ಬೇಕಿತ್ತು. ಐಐಎಸ್‌ಸಿಯಲ್ಲಿ ಎಂ. ವಿಜಯನ್ ಅವರ ತಂಡ 1994ರಲ್ಲಿ ಅದನ್ನು ಬಿಡಿಸಿತು. ವಿಜಯನ್ ಅದಕ್ಕೂ ಮೊದಲು ಆಕ್ಸ್‌ಫರ್ಡಿನಲ್ಲಿ ಡೊರೊಥಿ ಹಾಡ್ಜ್‌ಕಿನ್ ಅವರ ಜೊತೆ ಇನ್ಸುಲಿನ್ ರಚನೆಯ ಕೆಲಸದಲ್ಲಿದ್ದವರು. ಶೇಂಗಾ ಲೆಕ್ಟಿನ್‌ನಲ್ಲಿ ನಾಲ್ಕು ಒಂದೇ ಬಗೆಯ ತುಂಡುಗಳಿವೆ. ಅವು ಜೋಡಣೆಯಾದ ರೀತಿ ಮಾತ್ರ ಆಗ ಯಾರೂ ನಿರೀಕ್ಷಿಸದಂಥದ್ದು.

ನಾವು ಇಲ್ಲಿ ಒತ್ತಿ ಹೇಳಬೇಕಾದ್ದು ಮುಂದಿನ ಹೆಜ್ಜೆ. 1994ರ ರಚನೆಯ ಸೂಕ್ಷ್ಮತೆ 2.95 ಆಂಗ್‌ಸ್ಟ್ರಾಮ್. ಅದೇ ತಂಡ 1996ರಲ್ಲಿ 2.25 ಆಂಗ್‌ಸ್ಟ್ರಾಮ್ ಸೂಕ್ಷ್ಮತೆಯ ರಚನೆ ಕೊಟ್ಟಿತು. ಈ ಸಂಖ್ಯೆ ಕಡಿಮೆಯಾದಷ್ಟೂ ಚಿತ್ರ ಸ್ಪಷ್ಟ. ಪಿಡಿಬಿಯಲ್ಲಿ 2ಪಿಇಎಲ್ ಎಂಬ ಗುರುತಿನಲ್ಲಿ ಅದಿದೆ. ಹಲಸಿನ ಬೀಜದ ಜಾಕಲಿನ್ ಪ್ರೋಟೀನಿನ ರಚನೆಯನ್ನೂ ಇದೇ ತಂಡ 1996ರಲ್ಲಿ ಪ್ರಕಟಿಸಿತು. ಅಪ್‌ಡೇಟ್ ಎಂದರೆ ನಮಗೆ ಮೊಬೈಲ್ ನೆನಪಾಗುತ್ತದೆ. ಇಲ್ಲಿ ಅಪ್‌ಡೇಟ್ ಎಂದರೆ ತನ್ನದೇ ಕೆಲಸವನ್ನು ಇನ್ನಷ್ಟು ಹತ್ತಿರದಿಂದ ಮತ್ತೆ ನೋಡುವುದು.

ಮಾತ್ರೆಗಳ ವಿಷಯದಲ್ಲೂ ಇಂಥದ್ದೇ ನಡೆದಿದೆ. ಎಲ್ಲರ ಮನೆಯ ಆಸ್ಪಿರಿನ್ನಿನ ಸ್ಫಟಿಕ ರಚನೆ 1964ರಿಂದ ಗೊತ್ತಿತ್ತು. 2005ರಲ್ಲಿ ಅದಕ್ಕೆ ಎರಡನೆಯ ರೂಪವೂ ಇದೆ ಎಂಬ ವರದಿ ಬಂತು, ವಾದ ಎದ್ದಿತು. ಮುಂದೆ ಐಐಎಸ್‌ಸಿಗೆ ಬಂದ ಗೌತಮ್ ದೇಸಿರಾಜು, ಆಗ ಹೈದರಾಬಾದಿನಲ್ಲಿದ್ದಾಗ, ಆಂಡ್ರ್ಯೂ ಬಾಂಡ್ ಮತ್ತು ರೋಲಂಡ್ ಬೋಸ ಜೊತೆ ಸೇರಿ 2007ರಲ್ಲಿ ಎರಡೂ ರೂಪಗಳು ಒಂದೇ ಹರಳಿನೊಳಗೆ ಹೆಣೆದುಕೊಂಡಿರಬಲ್ಲವು ಎಂದು ತೋರಿಸಿದರು. ಸಿಎಸ್‌ಡಿಯಲ್ಲಿ ಒಂದು ಪದಾರ್ಥಕ್ಕೆ ಆರು ಅಕ್ಷರದ ಗುರುತು ಇರುತ್ತದೆ. ಅದೇ ಪದಾರ್ಥವನ್ನು ಮತ್ತೆ ಅಳೆದರೆ ಹಳೆಯದನ್ನು ಅಳಿಸುವುದಿಲ್ಲ, ಅದೇ ಗುರುತಿನ ಮುಂದೆ 01, 02 ಎಂದು ಸೇರಿಸುತ್ತ ಹೋಗುತ್ತಾರೆ. ನಮ್ಮ ಪಹಣಿಯ ಖಾತೆ ಬದಲಾವಣೆ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಹೊಸ ಹೆಸರು ಬಂದರೂ ಹಳೆಯದು ಹೇಗಿತ್ತು, ಯಾವಾಗ ಬದಲಾಯಿತು ಎಂಬುದು ಉಳಿದಿರಬೇಕು.

ಎರಡು ಕಾಲಮ್ ಅದಲುಬದಲಾದಾಗ

ಹಾಗೆಂದು ಎಲ್ಲವೂ ಸುಸೂತ್ರ ನಡೆದಿಲ್ಲ. 2001ರಲ್ಲಿ ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯ ಜೆಫ್ರಿ ಚಾಂಗ್ ಅವರ ತಂಡ ಬ್ಯಾಕ್ಟೀರಿಯಾದ ಎಂಎಸ್‌ಬಿಎ ಎಂಬ ಪ್ರೋಟೀನಿನ ರಚನೆ ಪ್ರಕಟಿಸಿತು. ಔಷಧವನ್ನು ಜೀವಕೋಶದಿಂದ ಹೊರಗೆ ತಳ್ಳುವ ಪ್ರೋಟೀನುಗಳ ಬಳಗಕ್ಕೆ ಸೇರಿದ್ದು ಅದು, ಹಾಗಾಗಿ ಮದ್ದಿಗೆ ಬಗ್ಗದ ರೋಗಗಳ ಬಗ್ಗೆ ಕೆಲಸ ಮಾಡುವವರೆಲ್ಲ ಅದನ್ನು ಆಧಾರವಾಗಿ ಹಿಡಿದರು. ಐದು ವರ್ಷದ ನಂತರ ಸ್ವಿಟ್ಜರ್ಲೆಂಡಿನ ತಂಡವೊಂದು ಅದೇ ಬಳಗದ ಇನ್ನೊಂದು ಪ್ರೋಟೀನಿನ ರಚನೆ ತಂದಾಗ ಎರಡೂ ಹೊಂದಲಿಲ್ಲ. ಹುಡುಕಿದರೆ, ಲ್ಯಾಬಿನಲ್ಲೇ ಬಳಸುತ್ತಿದ್ದ ಒಂದು ಸಾಫ್ಟ್‌ವೇರ್ ದತ್ತಾಂಶದ ಎರಡು ಕಾಲಮ್‌ಗಳನ್ನು ಅದಲುಬದಲು ಮಾಡಿತ್ತು. ಎಡಗೈ ಬಲಗೈ ಆದಂತೆ ಇಡೀ ರಚನೆಯೇ ತಿರುವುಮುರುವಾಗಿತ್ತು. 2006ರ ಡಿಸೆಂಬರಿನಲ್ಲಿ ತಂಡ ತಪ್ಪನ್ನು ಬಹಿರಂಗವಾಗಿ ಹೇಳಿತು. ಒಟ್ಟು ಐದು ಲೇಖನಗಳನ್ನು ಹಿಂದಕ್ಕೆ ಪಡೆಯಬೇಕಾಯಿತು. ಆ ನಡುವಿನ ವರ್ಷಗಳಲ್ಲಿ ಆ ರಚನೆಗೆ ಹೊಂದದ ಫಲಿತಾಂಶ ಪಡೆದವರು ಅದನ್ನು ಇತರರಿಗೆ ನಂಬಿಸುವುದೇ ಕಷ್ಟವಾಗಿತ್ತು.

ಇದು ಕಣ್ಣುತಪ್ಪಿನಿಂದ ಆದದ್ದು. ಬೇಕೆಂದೇ ಮಾಡಿದ್ದೂ ಇದೆ. ಒಂದು ಸ್ಫಟಿಕಶಾಸ್ತ್ರ ಪತ್ರಿಕೆಯಲ್ಲಿ ಬಂದಿದ್ದ ಕನಿಷ್ಠ 70 ರಚನೆಗಳು ಹುಸಿ ಎಂದು 2010ರ ಆರಂಭದಲ್ಲಿ ಅದರ ಸಂಪಾದಕರೇ ಪ್ರಕಟಿಸಿದರು. ಒಂದೇ ಅಳತೆಯ ದತ್ತಾಂಶ ಇಟ್ಟುಕೊಂಡು ಒಂದು ಪರಮಾಣುವಿನ ಜಾಗದಲ್ಲಿ ಇನ್ನೊಂದನ್ನು ಬರೆದು ಹೊಸ ಪದಾರ್ಥ ಎಂದು ತೋರಿಸಲಾಗಿತ್ತು. ಸಿಕ್ಕಿಬಿದ್ದದ್ದು ಪರಿಶೀಲನಾ ಸಾಫ್ಟ್‌ವೇರಿನಿಂದ. 1991ರಿಂದ ಸಿಐಎಫ್ ಎಂಬ ಏಕರೂಪದ ಕಡತ ವಿಧಾನ ಬಳಕೆಗೆ ಬಂದಿತ್ತು. ಎಲ್ಲರ ದತ್ತಾಂಶವೂ ಒಂದೇ ರೀತಿಯಲ್ಲಿ ಬರೆದಿದ್ದರಿಂದಲೇ ಯಂತ್ರಕ್ಕೆ ಪಕ್ಕಪಕ್ಕ ಇಟ್ಟು ಹೋಲಿಸಲು ಆಯಿತು.

ಈ ಪೆಟ್ಟುಗಳಿಂದ ನಿಯಮಗಳು ಬಿಗಿಯಾದವು. 2008ರ ಫೆಬ್ರುವರಿಯಿಂದ ಪಿಡಿಬಿಗೆ ರಚನೆ ಸಲ್ಲಿಸುವವರು ಮೂಲ ಎಕ್ಸ್-ರೇ ಅಳತೆಗಳನ್ನೂ ಕೊಡಲೇಬೇಕು. ಉತ್ತರ ಬರೆದರೆ ಸಾಲದು, ಲೆಕ್ಕದ ಹಾಳೆಯನ್ನೂ ಲಗತ್ತಿಸಬೇಕು ಎಂದಂತೆ. ಈಗ ಪ್ರತಿ ರಚನೆಯ ಜೊತೆ ಪರಿಶೀಲನಾ ವರದಿ ಇರುತ್ತದೆ. ಅದರಲ್ಲಿ ರಾಮಚಂದ್ರನ್ ಚೌಕದ ಹೊರಗೆ ಎಷ್ಟು ಚುಕ್ಕಿ ಬಿದ್ದಿವೆ ಎಂಬ ಲೆಕ್ಕ ತಪ್ಪದೆ ಬರುತ್ತದೆ. ಮದ್ರಾಸಿನ ಆ ಪಟ್ಟಿ ಇಂದಿಗೂ ಕಾವಲಿಗಿದೆ. 2002ರಲ್ಲಿ ಐಐಎಸ್‌ಸಿಯ ತಂಡವೊಂದು ಈ ನಕ್ಷೆಯನ್ನು ಯಾರು ಬೇಕಾದರೂ ಇಂಟರ್ನೆಟ್ಟಿನಲ್ಲೇ ಹಾಕಿ ನೋಡುವ ವ್ಯವಸ್ಥೆಯನ್ನೂ ಮಾಡಿತ್ತು.

ಹಳೆಯ ಯಂತ್ರಗಳ ನೆರಳು ಹೊಸ ಕಡತದ ಮೇಲೆ ಹೇಗೆ ಬೀಳುತ್ತದೆ ಎಂಬುದಕ್ಕೂ ಇಲ್ಲೊಂದು ಉದಾಹರಣೆ ಇದೆ. ಪಿಡಿಬಿಯ ಮೊದಲ ಕಡತಗಳು ಪಂಚ್ ಕಾರ್ಡಿನ ಕಾಲದವು. ಕಾರ್ಡಿನಲ್ಲಿ 80 ಕಾಲಮ್, ಹಾಗಾಗಿ ಸಾಲಿಗೂ 80 ಅಕ್ಷರ. ಪರಮಾಣುವಿನ ಕ್ರಮಸಂಖ್ಯೆಗೆ ಐದೇ ಅಂಕೆ, ಅಂದರೆ 99,999ಕ್ಕೆ ಮುಗಿಯಿತು. ರೈಬೋಸೋಮ್‌ನಂಥ ದೈತ್ಯ ಅಣುಗಳು ಬಂದಾಗ ಅವನ್ನು ತುಂಡು ಮಾಡಿ ಬೇರೆ ಬೇರೆ ಕಡತಗಳಲ್ಲಿ ಇಡಬೇಕಾಯಿತು. ಹೊಸ ಕಡತ ವಿಧಾನ ಬಂದ ಮೇಲೆ 2014ರಲ್ಲಿ ಆ ತುಂಡುಗಳನ್ನು ಮತ್ತೆ ಒಂದುಗೂಡಿಸಿದರು. ಈಗ 2ಪಿಇಎಲ್‌ನಂಥ ನಾಲ್ಕು ಅಕ್ಷರದ ಗುರುತುಗಳೂ ಮುಗಿಯುತ್ತ ಬಂದಿವೆ, 12 ಅಕ್ಷರದ ಗುರುತಿಗೆ ಸಿದ್ಧತೆ ನಡೆದಿದೆ.

ದಫ್ತರಿನ ಬಾಗಿಲು ಯಾರಿಗೆ ತೆರೆದಿದೆ

ಪಿಡಿಬಿ ಎಲ್ಲರಿಗೂ ಉಚಿತ. ಸಿಎಸ್‌ಡಿಯಲ್ಲಿ ಬಿಡಿ ರಚನೆಗಳನ್ನು ಉಚಿತವಾಗಿ ನೋಡಬಹುದು, ಪೂರ್ತಿ ಹುಡುಕಾಟದ ಸಾಫ್ಟ್‌ವೇರಿಗೆ ಹಣ ಕಟ್ಟಬೇಕು. ಅದನ್ನು ನಡೆಸುವುದು ಲಾಭರಹಿತ ಸಂಸ್ಥೆ, ಖರ್ಚು ಎಲ್ಲಿಂದಲೋ ಬರಬೇಕು ಎಂಬ ವಾದ ಅವರದು. ಕಾಣಿಕೆಯಾಗಿ ಬಂದ ದತ್ತಾಂಶಕ್ಕೆ ಬೆಲೆ ಯಾಕೆ ಎಂದವರು 2003ರಲ್ಲಿ ಕ್ರಿಸ್ಟಲೋಗ್ರಫಿ ಓಪನ್ ಡೇಟಾಬೇಸ್ ಎಂಬ ಪೂರ್ಣ ಉಚಿತ ದಫ್ತರನ್ನು ತೆರೆದರು. ದೊಡ್ಡ ಸಂಸ್ಥೆಗೆ ಈ ವ್ಯತ್ಯಾಸ ಸಣ್ಣದು. ತಾಲೂಕು ಕೇಂದ್ರದ ಡಿಗ್ರಿ ಕಾಲೇಜಿಗೆ ಅದು ಬಾಗಿಲು ತೆರೆದಿದೆಯೋ ಮುಚ್ಚಿದೆಯೋ ಎಂಬಷ್ಟು ದೊಡ್ಡದು.

ತೆರೆದ ದಫ್ತರು ಏನು ಕೊಡಬಲ್ಲದು ಎಂಬುದಕ್ಕೆ ಇತ್ತೀಚಿನ ಸಾಕ್ಷಿ ಆಲ್ಫಾಫೋಲ್ಡ್. ಐವತ್ತು ವರ್ಷ ಪಿಡಿಬಿಯಲ್ಲಿ ಕೂಡಿಟ್ಟ ರಚನೆಗಳಿಂದ ಕಲಿತು, ಅಳೆಯದ ಪ್ರೋಟೀನಿನ ರಚನೆಯನ್ನೂ ಊಹಿಸುವ ಸಾಫ್ಟ್‌ವೇರ್ ಅದು. ಅದನ್ನು ರೂಪಿಸಿದ ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್ ಅವರಿಗೆ, ಡೇವಿಡ್ ಬೇಕರ್ ಜೊತೆಗೆ, 2024ರ ರಸಾಯನಶಾಸ್ತ್ರ ನೊಬೆಲ್ ಸಿಕ್ಕಿತು. ಅದರ ಉಚಿತ ಡೇಟಾಬೇಸಿನಲ್ಲಿ ನಮ್ಮ ತಲೆಗೂದಲಿನ ಕೆರಾಟಿನ್‌ಗಳೂ ಇವೆ. ನೀಲಿ ಬಣ್ಣದ ಭಾಗ ನಂಬಬಹುದಾದ ಊಹೆ, ಕಿತ್ತಳೆ ಬಣ್ಣದ್ದು ಅನುಮಾನದ್ದು ಎಂದು ಆ ಚಿತ್ರವೇ ಹೇಳುತ್ತದೆ. ಊಹೆಯನ್ನು ಅಳತೆಯ ಜೊತೆ ಬೆರೆಸದೆ ಇಟ್ಟಿರುವುದು ಈ ದಫ್ತರಿನ ಒಳ್ಳೆಯ ಗುಣ.

ಸುದ್ದಿ ಬರೆಯುವ ನಮಗೂ ಈ ಚರಿತ್ರೆಯಲ್ಲಿ ಪಾಠವಿದೆ. ಇಲ್ಲಿ ಯಾರ ಮಾತನ್ನೂ ಅವರ ಹೆಸರು ನೋಡಿ ಒಪ್ಪಿಲ್ಲ. ಪಾಲಿಂಗ್ ಅವರ ಸುರುಳಿಯನ್ನು ಕುದುರೆ ಕೂದಲು ಪರೀಕ್ಷಿಸಿತು, ರಾಮಚಂದ್ರನ್ ಅವರ ಮೂರೆಳೆಯನ್ನು ಕ್ರಿಕ್ ಪ್ರಶ್ನಿಸಿದರು, ಆ ಪ್ರಶ್ನೆಯಿಂದಲೇ ಎಲ್ಲರನ್ನೂ ಪರೀಕ್ಷಿಸುವ ನಕ್ಷೆ ಹುಟ್ಟಿತು. ತಪ್ಪಾದ ದಾಖಲೆಯನ್ನು ಸದ್ದಿಲ್ಲದೆ ಅಳಿಸದೆ, ತಿದ್ದಿದ ಗುರುತು ಉಳಿಸಿ ತಿದ್ದಿದರು. ನಮ್ಮ ಭಾಗದ ವಿಜ್ಞಾನ ಮೇಷ್ಟ್ರುಗಳಿಗೆ ನಮ್ಮದೊಂದು ವಿನಂತಿ. ಪ್ರೋಟೀನ್ ಪಾಠ ಬಂದ ದಿನ ಮಕ್ಕಳಿಗೆ ಮೊಬೈಲಿನಲ್ಲೇ ಪಿಡಿಬಿ ತೆರೆದು ಶೇಂಗಾದ 2ಪಿಇಎಲ್ ಹುಡುಕಲು ಹೇಳಿ. ತಿರುಗಿಸಿ ನೋಡಲಿ, ನಾಲ್ಕು ತುಂಡು ಎಣಿಸಲಿ, ಆಮೇಲೆ ಅದರ ಪರಿಶೀಲನಾ ವರದಿಯನ್ನೂ ತೆರೆಯಲಿ. ಖರ್ಚಾಗುವುದು ಸ್ವಲ್ಪ ಡೇಟಾ ಮಾತ್ರ.